ಬೆಟ್ಟದಡಿಯ ಊರಿನ ಚರಿತ್ರೆ ಬರೆದವರಿಗೆ

ಭಾನುವಾರ, ಬೆಳಿಗ್ಗೆ

ಮೇಷ್ಟ್ರಿಗೆ,

ಊರಿನವರು ಕರೆಯುವ ಹಾಗೆಯೇ ಕರೆಯುತ್ತಿದ್ದೇನೆ. ನಿಮ್ಮನ್ನು ಗಂಡನೆಂದು ಕರೆಯುವ ರೂಢಿ ತಪ್ಪಿಹೋಗಿದೆ. ಊರಿಗೆ ನೂರು ವರ್ಷ ತುಂಬಿತೆಂದು ನೀವು ಬರೆದ ಚರಿತ್ರೆಯ ಪುಸ್ತಕ ತಲುಪಿತು. ಬಿಡುಗಡೆಯ ದಿನ ಅಮ್ಮನನ್ನು ಕರೆದುಕೊಂಡು ಬಾ, ಮುಂದಿನ ಸಾಲಿನಲ್ಲೇ ಕೂರಿಸುತ್ತೇವೆ ಎಂದು ಹೇಳಿ ಕಳಿಸಿದ್ದೀರಿ. ಪೂರ್ತಿ ಓದಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಶುರು ಚೆನ್ನಾಗಿದೆ. ಬೆಟ್ಟದ ಮೇಲೆ ಕ್ಷಯರೋಗದ ಆಸ್ಪತ್ರೆ ಎದ್ದಿತು, ಅದಕ್ಕೆ ಹಾಲು, ಸೌದೆ, ಬ್ರೆಡ್ಡು ಒದಗಿಸಲು ಬಂದವರು ಕೆಳಗೆ ಬೀಡುಬಿಟ್ಟರು, ಅದೇ ಊರಾಯಿತು ಎಂದಿದ್ದೀರಿ. ನಿಜ. ಮೇಲಿನವರು ಕೆಮ್ಮಿದರು, ಕೆಳಗಿನವರ ಒಲೆ ಉರಿಯಿತು. ಆದರೆ ಊರಿನ ಗುಣವನ್ನು ಯಾಕೆ ಬರೆಯಲಿಲ್ಲ? ಈ ಊರಿಗೆ ರೋಗಿಯ ದುಡ್ಡು ಬೇಕಿತ್ತು, ರೋಗಿ ಬೇಡವಾಗಿದ್ದ. ನೋಡಲು ಬಂದ ನೆಂಟರಿಗೆ ಹೋಟೆಲಿನ ಯಜಮಾನರು ಕೊಡುತ್ತಿದ್ದದ್ದು ಹಿತ್ತಲಿನ ಕೋಣೆ, ಕೇಳುತ್ತಿದ್ದದ್ದು ಮುಂಬಾಗಿಲಿನ ಬಾಡಿಗೆ.

ಆಸ್ಪತ್ರೆಯ ಬಟ್ಟೆ ಒಗೆಯಲು ಮಾತ್ರ ಎಷ್ಟು ವರ್ಷ ಕಳೆದರೂ ಊರಿನವರು ಯಾರೂ ಮುಂದೆ ಬರಲಿಲ್ಲ. ಬಹಳ ಕಾಲದ ಮೇಲೆ, ಗಂಡನನ್ನು ಕಳೆದುಕೊಂಡು, ನನ್ನನ್ನು ಕಂಕುಳಲ್ಲಿಟ್ಟುಕೊಂಡು ಬಂದ ಅಮ್ಮ ಒಪ್ಪಿಕೊಂಡಳು. ಹಳ್ಳದ ದಂಡೆಯ ಲಾಂಡ್ರಿಯ ಹಬೆಯಲ್ಲೇ ನಾನು ಬೆಳೆದದ್ದು. ಒಗೆಯುವ ಸೋಡಾಪುಡಿ ತಿಂದುಹಾಕಿದ ಅವಳ ಬೆರಳುಗಳನ್ನು ನೀವೂ ನೋಡಿದ್ದೀರಿ.

ಇನ್ನು ಆಸ್ಪತ್ರೆಗೆ ಬೆಂಕಿ ಬಿದ್ದ ದಿನದ ಅಧ್ಯಾಯ. "ಅಂದು ಊರಿನ ಪ್ರತಿ ಬಾಗಿಲೂ ತೆರೆಯಿತು, ಹೋಟೆಲಿನ ಯಜಮಾನರು ಮುಂದೆ ನಿಂತು ಆಶ್ರಯ ನೀಡಿದರು" ಎಂದು ನೀವು ಹೇಗೆ ಬರೆದಿರಿ? ನಾನಾಗ ಸಣ್ಣ ಹುಡುಗಿ. ಮಧ್ಯಾಹ್ನ ಬೆಟ್ಟದ ಮೇಲೆ ಹೊಗೆ ಎದ್ದಿತು. ಸ್ವಲ್ಪ ಹೊತ್ತಿಗೆ ರೋಗಿಗಳು ಬರಿಗಾಲಲ್ಲಿ, ಕೊರೆಯುವ ಚಳಿಯಲ್ಲಿ, ಒಬ್ಬರನ್ನೊಬ್ಬರು ಹಿಡಿದುಕೊಂಡು ಇಳಿದು ಬಂದರು. ಅವರು ಮುಂದೆ ಬಂದಂತೆಲ್ಲ ಬೀದಿಯುದ್ದಕ್ಕೂ ಚಿಲಕ ಬೀಳುವ ಸದ್ದು. ಯಜಮಾನರು ಮಹಡಿಯ ಕಿಟಕಿಯಿಂದ, "ಮುಂದೆ ಹೋಗ್ರಪ್ಪಾ, ಇಲ್ಲಿ ಮಕ್ಕಳಿದಾರೆ" ಎಂದರು.

ಅಮ್ಮ ಲಾಂಡ್ರಿಯ ಬಾಗಿಲು ತೆರೆದು ನಿಂತಳು. "ಬನ್ನಿ, ಒಳಗೆ ಬೆಚ್ಚಗಿದೆ. ನಿಮ್ಮ ಕೆಮ್ಮು ನಂಗೇನು ಹೊಸದಾ?" ಎಂದಳು. ಹಂಡೆಗಳ ಸುತ್ತ ಜನ ಒತ್ತಿ ಕೂತರು, ಒಗೆದ ಚಾದರ ಹೊದ್ದರು. ಅಲ್ಲಿಯ ತನಕ ನಡೆಯಲಾಗದೆ ಹೋಟೆಲಿನ ಮೆಟ್ಟಿಲ ಮೇಲೆ ಕುಸಿದವರು ಮರುದಿನ ಏಳಲಿಲ್ಲ.

ಆಸ್ಪತ್ರೆ ಮತ್ತೆ ತೆರೆಯಲಿಲ್ಲ. ಊರಿನವರು ಅಮ್ಮನಿಗೆ ಒಂದು ಕರವಸ್ತ್ರವನ್ನೂ ಒಗೆಯಲು ಕೊಡಲಿಲ್ಲ. ಅಂಗಡಿಯವನು ಅವಳಿಗೆ ಸಾಮಾನನ್ನು ನೆಲದ ಮೇಲಿಟ್ಟು ದೂಡುತ್ತಿದ್ದ. ತಾವು ಬಾಗಿಲು ಹಾಕಿದ್ದನ್ನು ಕಂಡವಳನ್ನು ಯಾರು ತಾನೇ ಕ್ಷಮಿಸುತ್ತಾರೆ?

ಇದೆಲ್ಲ ನಿಮಗೆ ಗೊತ್ತು. ಅಮ್ಮನ ಬಾಯಿಂದ ಕೇಳಿ ನೀವು ಅತ್ತಿರಿ. ಆ ಕಣ್ಣೀರು ನೋಡಿಯೇ ನಾನು ನಿಮ್ಮನ್ನು ಮದುವೆಯಾದದ್ದು. ಆಮೇಲೆ ಅದೇ ಹೋಟೆಲಿನ ಯಜಮಾನರು ನಡೆಸುವ ಶಾಲೆಯಲ್ಲಿ ಹೆಡ್‌ಮಾಸ್ಟರ್ ಕುರ್ಚಿ ಖಾಲಿಯಾಯಿತು. "ಈ ಮನೇಲಿದ್ರೆ ನಂಗ್ಯಾರೂ ಮರ್ಯಾದೆ ಕೊಡಲ್ಲ ಕಣೇ" ಎಂದು ಪೆಟ್ಟಿಗೆ ಕಟ್ಟಿದಿರಿ.

ಮೊನ್ನೆ ಶಾಲೆಗೇ ಬಂದು ಕೇಳಿದೆನಲ್ಲ, ಹೀಗ್ಯಾಕೆ ಬರೆದಿರಿ ಅಂತ. ನೀವು ಕಿಟಕಿ ಮುಚ್ಚಿ ಬಂದು, "ಈಗ ಬೆಟ್ಟ ನೋಡೋಕೆ ಜನ ಬರ್ತಿದಾರೆ. ಊರು ಬದುಕಬೇಕಲ್ವಾ? ಹಳೇದನ್ನ ಕೆದಕಿದ್ರೆ ಏನು ಸಿಗುತ್ತೆ?" ಎಂದಿರಿ. ಊರು ಬದುಕಲಿ. ಅದು ಯಾವಾಗಲೂ ಹೀಗೆಯೇ ಬದುಕಿದೆ.

ಮುಂದಿನ ಸಾಲಿನ ಕುರ್ಚಿಗಳನ್ನು ಬೇರೆ ಯಾರಿಗಾದರೂ ಕೊಡಿ.

ಇಂತಿ,
ಲಾಂಡ್ರಿಯವಳ ಮಗಳು

ಮ.ವಿ.: ಅಮ್ಮನಿಗೆ ಈಗ ಕಣ್ಣು ಕಾಣುವುದಿಲ್ಲ. ಪುಸ್ತಕ ಬಂದ ದಿನ, "ಅಳಿಯಂದ್ರು ನನ್ನ ಬಗ್ಗೆ ಏನಾದ್ರೂ ಬರೆದಿದಾರೇನೇ?" ಎಂದು ಕೇಳಿದಳು. ಆ ಅಧ್ಯಾಯ ತೆರೆದಿಟ್ಟುಕೊಂಡು, ಅದರಲ್ಲಿ ಇಲ್ಲದ್ದನ್ನೆಲ್ಲ ಓದಿ ಹೇಳಿದೆ. ಬಾಯಿಗೆ ಕೈ ಅಡ್ಡ ಹಿಡಿದು ಅತ್ತಳು. ನಿಮ್ಮನ್ನು ಕರೆಸು, ತಲೆ ಮೇಲೆ ಕೈಯಿಡಬೇಕು ಎಂದು ಹಟ ಹಿಡಿದಳು. ನೀವು ತೀರಿಕೊಂಡಿರಿ ಎಂದು ಹೇಳಿದ್ದೇನೆ. ಅಂದಿನಿಂದ ಅವಳು ಸರಿಯಾಗಿ ಊಟ ಮಾಡುತ್ತಿಲ್ಲ. ದಯವಿಟ್ಟು ಈ ಕಡೆ ಬರಬೇಡಿ.