ಕೆರೆಯ ಗ್ರಾಫಿನಲ್ಲಿ ಹನ್ನೊಂದು ದಿನ

ಮಾರ್ಚ್ ೯, ಭಾನುವಾರ

ಥರ್ಮಾಮೀಟರ್ ಮೇಡಂ ಅವರ ಸನ್ನಿಧಿಗೆ,

ಎರಡು ವರ್ಷದ ಮೌನ ಮುರಿದು ಬರೆಯುತ್ತಿರುವುದು ಅತಿ ಗಂಭೀರವಾದ ರಾಜಕಾರ್ಯದ ನಿಮಿತ್ತ: ಗ್ರಾಫ್ ಬಿಡಿಸುವ ಸಾಫ್ಟ್‌ವೇರ್ ಆಯ್ಕೆ. ನಗಬೇಡ. ನಾವಿಬ್ಬರೂ ದಿನಾ ಬೆಳಿಗ್ಗೆ ದೋಣಿಯಲ್ಲಿ ಹೋಗಿ ಹತ್ತೊಂಬತ್ತು ವರ್ಷ ಅಳೆದ ಕೆರೆನೀರಿನ ಉಷ್ಣಾಂಶ ಕೊನೆಗೂ ಪ್ರಬಂಧವಾಗುತ್ತಿದೆ. ಪ್ರಯೋಗಾಲಯದ ಹೊಸ ಮುಖ್ಯಸ್ಥರು, "ಗ್ರಾಫ್ ನೋಡಿದ್ರೆ ಕಣ್ಣಿಗೆ ತಂಪಾಗ್ಬೇಕು ಕಣ್ರೀ" ಎಂದು ಅಪ್ಪಣೆ ಕೊಡಿಸಿದ್ದಾರೆ.

ಮೂರು ಉಮೇದುವಾರರ ಸಂದರ್ಶನ ನಡೆಸಿದೆ. ಮೊದಲನೆಯದು ಮಹಾ ಶೋಕಿಲಾಲ. ನಮ್ಮ ಕೆರೆಗೆ ಬಣ್ಣ ಬಳಿದು, ಗರಗರ ತಿರುಗಿಸಿ, ಕೇಕ್ ಮಾಡಿಟ್ಟಿತು. ಎರಡನೆಯದು ಬಲು ಸಭ್ಯಸ್ಥ. ಅಳತೆ ಇಲ್ಲದ ಕಡೆ ಯಾರೂ ಕೇಳದಿದ್ದರೂ ನಯವಾದ ಗೆರೆ ಎಳೆದು ಮುಂದೆ ಹೋಗುತ್ತದೆ. ಮೂರನೆಯದಕ್ಕೆ ಅರ್ಜಿ ನಮೂನೆಯಂಥ ಮುಖ, ಒಂದು ಕಾಮಾ ತಪ್ಪಿದರೂ ಮುನಿಸು. ಆದರೆ ಅಳತೆ ಇಲ್ಲದಲ್ಲಿ ಗೆರೆ ಕಡಿದು, ಖಾಲಿ ಬಿಡುತ್ತದೆ.

ಎರಡನೆಯದನ್ನು ನೋಡಿದರೆ ಕನ್ನಡಿ ನೋಡಿದಂತಾಯಿತು. ನಮ್ಮ ಮಗಳು ಇಣಚಿ ಆಸ್ಪತ್ರೆಯಲ್ಲಿದ್ದ, ಆಮೇಲೆ ಇಲ್ಲವಾದ ಹನ್ನೊಂದು ದಿನಗಳಿಗೆ, ಹಿಂದುಮುಂದಿನ ಅಂಕಿ ನೋಡಿ ನಾನೇ ಅಂಕಿ ತುಂಬಿದ್ದೆನಲ್ಲ. ವರದಿಯಲ್ಲಿ ಖಾಲಿ ಇರಬಾರದೆಂಬ ನೆಪ. ನೀನು ಅಳತೆಯ ಪುಸ್ತಕ ತೆರೆದು, "ಮಗು ಹೋದ ದಿನ ಏನೂ ಆಗ್ಲೇ ಇಲ್ಲ ಅನ್ನೋ ಹಾಗೆ ಬರ್ದಿದ್ದೀರಲ್ರೀ" ಎಂದೆ. ನಾನು ಸರಾಸರಿ ಲೆಕ್ಕ ಹಾಕುವ ಬಗೆಯನ್ನು ವಿವರಿಸತೊಡಗಿದೆ. ಅಂಥ ಹೊತ್ತಿನಲ್ಲಿ ಸರಾಸರಿ ವಿವರಿಸಿದ ಮಹಾನುಭಾವ ಭೂಮಂಡಲದಲ್ಲಿ ನಾನೊಬ್ಬನೇ ಇರಬೇಕು. ಮರುದಿನ ನೀನು ನಿನ್ನ ಅಕ್ಕನ ಮನೆಗೆ ಹೊರಟುಹೋದೆ.

ಮೊನ್ನೆ ಆ ಸುಳ್ಳು ಅಂಕಿಗಳನ್ನು ಅಳಿಸಿದೆ. ಮೂರನೆಯದನ್ನೇ ಆರಿಸಿದೆ. ಮುಖ್ಯಸ್ಥರು ಮೂಗು ಮುರಿದು, "ಇದೇನ್ರೀ, ಹಲ್ಲು ಬಿದ್ದ ಬಾಯಿ ಥರ ಇದೆ?" ಎಂದರು. "ಮಗಳು ತೀರ್ಕೊಂಡ ದಿನಗಳು ಸಾರ್" ಎಂದೆ. ಈ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವರು ಕನ್ನಡಕ ತೆಗೆದು ಒರೆಸಿದರು, ಗ್ರಾಫಿನ ವಿಷಯ ಮತ್ತೆ ಎತ್ತಲಿಲ್ಲ.

ಪ್ರಬಂಧದಲ್ಲಿ ನಿನ್ನ ಹೆಸರೇ ಮೊದಲು. ಪ್ರತಿ ಜೊತೆಗಿಟ್ಟಿದ್ದೇನೆ. ಒಪ್ಪುವುದಾದರೆ ಸಹಿ ಮಾಡಿ ಕಳಿಸು.

ಹುಟ್ಟು ಹಾಕಲು ಇನ್ನೂ ಸರಿಯಾಗಿ ಬಾರದ,
ನಿನ್ನ ಅಂಬಿಗ

ತಾ.ಕ.: ಖಾಲಿ ಜಾಗದ ನಡುವೆ ಒಂದು ಒಂಟಿ ಚುಕ್ಕೆ ಕಾಣುತ್ತದೆ. ಅಚ್ಚಿನ ತಪ್ಪಲ್ಲ. ಅವಳು ಹೋದ ಬೆಳಿಗ್ಗೆ, ಔಷಧಿ ತರುತ್ತೇನೆಂದು ನಿನಗೆ ಹೇಳಿ ನಾನು ಹೋದದ್ದು ಕೆರೆಗೆ. ಆ ಕೋಣೆಯಲ್ಲಿ ಕೂರಲು ಧೈರ್ಯವಾಗಲಿಲ್ಲ. ಹನ್ನೊಂದರಲ್ಲಿ ಅದೊಂದೇ ನಿಜವಾಗಿ ಅಳೆದದ್ದು. ಇರಲೋ, ಅಳಿಸಲೋ, ನೀನೇ ಹೇಳು.