ಅವ್ವನ ಕನ್ನಡಕದ ನೀಲಿ

ಮೊರಬ
೧೮ ಮಾರ್ಚ್ ೧೯೮೫

ದೂರವಿರುವ ನನ್ನ ಅಣ್ಣಾ,

ಚೀಲ ಹೊತ್ತು ಹಿಡಿದುಕೊಂಡ ನಿನ್ನ ಸೊಂಟ ಈಗ ಹೇಗಿದೆ? ವಾಸ್ಕೋದಲ್ಲಿ ದವಾಖಾನೆಗೆ ಹೋದೆಯೋ, ಎಣ್ಣೆ ತಿಕ್ಕಿಸಿಕೊಂಡು ಮತ್ತೆ ಬಂದರಿಗೆ ಓಡಿದೆಯೋ? ಅವ್ವ ಆರಾಮ. ನಾನೂ ಆರಾಮ ಎಂದು ಬರೆಯಬೇಕು, ಬರೆದೆ. ನೀನು ಹೋದ ಮೇಲೆ ನನ್ನ ಜೊತೆ ಜಗಳಾಡುವವರೇ ಇಲ್ಲ. ಧಾರವಾಡದ ಪ್ರಯೋಗಶಾಲೆಯಲ್ಲೂ ನನ್ನ ಬಾಜು ಯಾರೂ ಕೂರುವುದಿಲ್ಲ. ಕೇರಿಯವಳೆಂಬ ಕಾರಣ ನಿನಗೆ ಗೊತ್ತಿದ್ದದ್ದೇ.

ನಾನು ಕಟ್ಟುತ್ತಿರುವ ಅಣುವಿನ ಸುದ್ದಿ ನೀನು ಕೇಳಿದ್ದೆಯಲ್ಲ. ಬಿಸಿಲು ಬಿದ್ದರೆ ಅದು ಬಿಚ್ಚಿಕೊಂಡು ನೀಲಿಯಾಗುತ್ತದೆ. ಕಾವು ಅದನ್ನು ಮತ್ತೆ ಮಡಚಿ ಬಣ್ಣ ಕಳೆಯುತ್ತದೆ; ಕಾವು ಹೆಚ್ಚಾದಷ್ಟೂ ಬೇಗ. ಹಾಗಾಗದಿರಲಿ ಎಂದು ಪರಮಾಣುಗಳ ಒಂದು ದಪ್ಪ ಗುಂಪನ್ನು ಹೊಲಕ್ಕೆ ಒಡ್ಡು ಹಾಕಿದಂತೆ ಅದರ ಪಕ್ಕಕ್ಕೆ ಜೋಡಿಸಿದೆ. ಎಂಟು ತಿಂಗಳು ಹಿಡಿಯಿತು. ಪೊರೆ ತೆಗೆಸಿದ ಮೇಲೆ ಅವ್ವನ ಕಣ್ಣಿಗೆ ಬಿಸಿಲು ಚುಚ್ಚುತ್ತದಲ್ಲ, ಆ ಅಣು ಬೆರೆಸಿದ ತೆಳುಹಾಳೆಯನ್ನು ಅವಳ ಕನ್ನಡಕಕ್ಕೇ ಅಂಟಿಸಿದೆ. ಈ ನೀಲಿ ನಡುಮಧ್ಯಾಹ್ನವೂ ನಿಂತರೆ ನನ್ನ ಶಿಷ್ಯವೇತನ ಇನ್ನೊಂದು ವರ್ಷ ಮುಂದುವರಿಯುತ್ತದೆ. ಇಲ್ಲದಿದ್ದರೆ ಈ ತಿಂಗಳಿಗೇ ಮುಗಿಯಿತು. ಅವ್ವನಿಗೂ ಇದು ಗೊತ್ತು.

ಇಬ್ಬನಿಗೆ ಮುಳ್ಳು ಮೆತ್ತಗಿರುವಾಗಲೇ ಕುಸುಬಿ ಗಿಡ ಕೀಳಬೇಕಲ್ಲ, ಮೊದಲ ದಿನ ನಾನೂ ನಸುಕಿನಲ್ಲೇ ಅವ್ವನ ಹಿಂದೆ ಹೋದೆ. ಹೊತ್ತು ಮೇಲೇರಿತು, ಹಾಳೆ ನೀಲಿಯಾಯಿತು. ಹೊಲದಲ್ಲೇ ಕುಣಿದೆ. ಎಂಟಕ್ಕೆ ಮನೆಗೆ ಬಂದು ಬರೆಯಲು ಕೂತೆ. ಮಧ್ಯಾಹ್ನ ಹೇಗಿತ್ತೆಂದು ಸಂಜೆ ಕೇಳಿದರೆ ಅವ್ವ, “ಅಗದಿ ತಂಪೈತಿ ನನ್ನವ್ವಾ, ಬೇವಿನ ನೆರಳಾಗ ಕುಂತಂಗ” ಎಂದಳು. ಮೂರು ದಿನವೂ ಅದೇ ಮಾತು. ಮೂರು ದಿನವೂ ಅದನ್ನೇ ಬರೆದುಕೊಂಡೆ.

ನಿನ್ನೆ ಓಣಿಯ ದುಂಡವ್ವ ತಡೆದು ನಿಲ್ಲಿಸಿದಳು. “ಏನವಾ ಶ್ಯಾಣ್ಯಾಕಿ, ನಿಮ್ಮವ್ವ ಕಣ್ಣ ಮುಚ್ಚಿಕೊಂಡ ಕುಸುಬಿ ಬಡೀತಾಳ. ಆಕಿ ಕೈ ನೋಡೀಯೇನ?” ಅಂದಳು. ಹೊಲಕ್ಕೆ ಓಡಿದೆ. ನೆತ್ತಿಯ ಮೇಲೆ ಸೂರ್ಯ. ಬಿಸಿಲಲ್ಲಿಟ್ಟ ಥರ್ಮಾಮೀಟರ್ ನಲವತ್ತಾರು ತೋರಿಸಿತು. ಅವ್ವ ನನ್ನ ಕಡೆಗೇ ಮುಖ ಮಾಡಿ ಬಡಿಯುತ್ತಿದ್ದಳು. ಕನ್ನಡಕದೊಳಗೆ ಅವಳ ಮುಚ್ಚಿದ ರೆಪ್ಪೆ ಸ್ವಚ್ಛ ಕಂಡಿತು. ಹಾಳೆ ನೀಲಿಯಿದ್ದಿದ್ದರೆ ಕಾಣುತ್ತಿರಲಿಲ್ಲ. ಅಂಗೈ ತುಂಬ ಮುಳ್ಳು. ನಾನು ಬಂದದ್ದೂ ಅವಳಿಗೆ ತಿಳಿಯಲಿಲ್ಲ. ಸುಮ್ಮನೆ ತಿರುಗಿ ಬಂದೆ.

ದಾರಿಯಲ್ಲಿ ದುಂಡವ್ವನಿಗೆ ಇದ್ದದ್ದು ಹೇಳಿದೆ. ಅವಳು ಬಿಡಲಿಲ್ಲ: “ಧಾರವಾಡದಾಗ ನೀಲಿ ಆಗೂದು ಮೊರಬದಾಗ ಆಗೂದಿಲ್ಲಂದ್ರ, ಅದೂ ಊರು-ಕೇರಿ ನೋಡತೈತೇನ?” ನಗು ಬಂತು, ಸಿಟ್ಟೂ ಬಂತು. ನನ್ನ ಪುಸ್ತಕಗಳೆಲ್ಲ ಇಪ್ಪತ್ತೈದು ಡಿಗ್ರಿಯನ್ನು ಸಾಮಾನ್ಯ ಕಾವು ಎನ್ನುತ್ತವೆ. ಯಾರಿಗೆ ಸಾಮಾನ್ಯ? ಫ್ಯಾನಿನ ಕೆಳಗೆ ಕೂತವರಿಗೆ. ಅವ್ವನ ಬೆನ್ನು ಸುಡುವ ಕಾವು ಯಾವ ಪುಸ್ತಕದಲ್ಲೂ ಇಲ್ಲ. ಆದರೆ ಮುಂಜಾನೆಯ ತಂಪಿನಲ್ಲಿ ನೋಡಿ ಕುಣಿದವಳು ನಾನೇ ಅಲ್ಲವೇ? ಈ ಮಾತು ಯಾರ ಮುಂದೆ ಆಡಲಿ?

ಭಾರದ ಚೀಲ ಹೊರಬೇಡ. ನಿನ್ನ ಕೋಣೆಯ ಗುಲಾಮಹುಸೇನ ಅಣ್ಣನಿಗೆ ನನ್ನ ನೆನಪು ಹೇಳು.

ನಿನ್ನ ತಂಗಿ,
ಕೆಂಚವ್ವ

ತಾ.ಕ.: ಟಪಾಲಿನವನು ಬಂದು ನಿಂತಿದ್ದಾನೆ. ಆ ಮೂರು ದಿನದ ಬರಹಕ್ಕೆ ಅಡ್ಡಗೆರೆ ಎಳೆದು, ‘ನಡುಮಧ್ಯಾಹ್ನ ಬಣ್ಣ ನಿಲ್ಲಲಿಲ್ಲ’ ಎಂದು ಬರೆದು ಮಾರ್ಗದರ್ಶಕರಿಗೆ ಇದರ ಜೊತೆಗೇ ಕಳಿಸುತ್ತಿದ್ದೇನೆ. ಶಿಷ್ಯವೇತನ ಹೋದರೆ ಹೋಗಲಿ. ಅವ್ವನಿಗೆ ಇನ್ನೂ ಹೇಳಿಲ್ಲ. ಮುಳ್ಳು ಚುಚ್ಚಿಸಿಕೊಂಡು ಅವಳು ನನಗಾಗಿ ಹೇಳಿದ ಸುಳ್ಳನ್ನು ನಾನೇ ಹೊಡೆದುಹಾಕಿದೆನೆಂದು ಹೇಗೆ ಹೇಳಲಿ? ಒಂದು ದಿನದ ಮಟ್ಟಿಗಾದರೂ ಬಾ ಅಣ್ಣಾ. ಅವಳ ಮುಂದೆ ಒಬ್ಬಳೇ ಕೂರಲು ನನಗೆ ಆಗುತ್ತಿಲ್ಲ.