ಆರು ಮಕ್ಕಳ ಹಾಡಿಗೆ ಒಬ್ಬೊಬ್ಬರ ಅಂಕ

ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ ಹಾಡು ಅಳೆಸಿದ ಮಾನ್ಯ ಜಿಲ್ಲಾ ಶಿಕ್ಷಣಾಧಿಕಾರಿಗಳೇ,

ನಮ್ಮ ಶಾಲೆಯ ಮೂರನೇ ತರಗತಿಯ ನಂಗೋಬಿ ಎಂಬ ಹುಡುಗಿಯ ಪ್ರಗತಿಪತ್ರದಲ್ಲಿ ತಮ್ಮ ಕಚೇರಿಯವರು 'ಸಂಗೀತ: ಇಪ್ಪತ್ತಕ್ಕೆ ಎರಡು. ಯೋಗ್ಯತೆ ಇಲ್ಲ' ಎಂದು ಬರೆದು ಮೊಹರು ಒತ್ತಿದ್ದಾರೆ. ಆ ಸಾಲನ್ನು ಹೊಡೆದುಹಾಕಿ ಎಂದು ಮೂರು ಅರ್ಜಿ ಕೊಟ್ಟೆ. ಮೂರೂ ತಲುಪಿವೆಯಂತೆ. ಉತ್ತರ ಮಾತ್ರ ಇಲ್ಲ. ಪತ್ರಿಕೆಯಲ್ಲಿ ಬರೆದರೆ ಬಂದೀತೆಂಬ ಭ್ರಮೆಯೂ ನನಗಿಲ್ಲ.

ಊರೂರಲ್ಲೂ ಎಂಬೈರೆ ವಾದ್ಯ ಬಾರಿಸುವ ಈ ಬುಸೋಗ ಸೀಮೆಯಲ್ಲಿ ಕೂತು ಎಂಬೈರೆ ಎಂದರೇನು ಎಂದು ಅಧಿಕಾರಿಗಳಿಗೆ ವಿವರಿಸಬೇಕಾಗಿ ಬಂದದ್ದು ನನ್ನ ಹಣೆಬರಹ. ನೆಲದಲ್ಲಿ ಗುಂಡಿ ತೋಡಿ, ಎರಡೂ ಅಂಚಿಗೆ ಬಾಳೆದಿಂಡು ಇಟ್ಟು, ಮೇಲೆ ಇಪ್ಪತ್ತೊಂದು ಮರದ ಪಟ್ಟಿ ಜೋಡಿಸುತ್ತೇವೆ. ಆರು ಮಕ್ಕಳು ಎದುರುಬದುರು ಕೂತು ಬಾರಿಸುತ್ತಾರೆ. ಒಬ್ಬರು ಬಿಟ್ಟ ಜಾಗದಲ್ಲಿ ಇನ್ನೊಬ್ಬರ ಪೆಟ್ಟು ಬೀಳಬೇಕು, ಆಗಲೇ ಹಾಡು ಕೇಳುವುದು. ಮೊದಲ ತಿಂಗಳು ನಾನು ಕಲಿಸುವುದೇ ಸುಮ್ಮನಿರುವುದನ್ನು. ತುದಿಯ ದಪ್ಪ ಪಟ್ಟಿಗಳ ಮುಂದೆ ಕೂರುವವರಿಗೆ ಪೆಟ್ಟು ತೀರ ಕಡಿಮೆ, ಆದರೆ ಅದೊಂದು ತಪ್ಪಿದರೆ ಉಳಿದ ಐವರೂ ದಾರಿ ತಪ್ಪುತ್ತಾರೆ. ಹನ್ನೊಂದು ವರ್ಷದ ನನ್ನ ಮೇಷ್ಟ್ರಗಿರಿಯಲ್ಲಿ ಆ ಜಾಗವನ್ನು ನಂಬಿ ಕೊಟ್ಟದ್ದು ನಂಗೋಬಿಗೊಬ್ಬಳಿಗೇ.

ತಮ್ಮ ಪರಿವೀಕ್ಷಕರು ಬಂದರು. ಆರೂ ಮಕ್ಕಳನ್ನು ಎಬ್ಬಿಸಿದರು.

"ಒಬ್ಬೊಬ್ರೇ ಬಂದು ಬಾರಿಸಿ."

"ಒಬ್ರೇ ಬಾರಿಸೋದಲ್ಲ ಸಾರ್ ಇದು," ಎಂದೆ.

"ಫಾರಮ್ಮಲ್ಲಿ ಒಬ್ಬೊಬ್ರಿಗೂ ಒಂದೊಂದು ಖಾನೆ ಇದೆ ಮೇಷ್ಟ್ರೇ. ನಾನೇನ್ ಮಾಡ್ಲಿ?"

ನಂಗೋಬಿ ಕೂತಳು. ಒಂದು ಪೆಟ್ಟು ಹೊಡೆದು ಕಾದಳು. ಇನ್ನೊಂದು ಹೊಡೆದು ಮತ್ತೆ ಕಾದಳು.

"ಏನಮ್ಮಾ, ಹಾಡೆಲ್ಲಿ?"

ಅವಳು ದಿನಾ ತನ್ನೆದುರು ಕೂರುವ ತೆನ್ಯ್ವಾನ ಕಡೆ ಕೈ ತೋರಿಸಿದಳು. "ಅವ್ನು ಕೂತ್ರೆ ಬರತ್ತೆ ಸಾರ್."

ಪರಿವೀಕ್ಷಕರು ನಕ್ಕು ಎರಡು ಅಂಕ ಕೊಟ್ಟರು. ಹೆಚ್ಚು ಪೆಟ್ಟು ಹೊಡೆದವರಿಗೆ ಹೆಚ್ಚು ಅಂಕ ಬಂತು. ಮಾನ್ಯರೇ, ಗುಮಾಸ್ತರನ್ನೂ ಟೈಪಿಸ್ಟರನ್ನೂ ಜವಾನರನ್ನೂ ಹೊರಗೆ ಕಳಿಸಿ, ತಮ್ಮೊಬ್ಬರನ್ನೇ ಕೂರಿಸಿ, ಒಂದು ಕಡತ ವಿಲೇವಾರಿ ಮಾಡಿ ನೋಡೋಣ ಎಂದರೆ ತಮಗೆಷ್ಟು ಅಂಕ ಬಂದೀತು? ಎರಡಾದರೂ ಬಂದೀತೇ?

ಶಾಲೆಯ ಎದುರಿಗೇ ಅವಳ ಮನೆ. ಸಮಾಧಾನ ಹೇಳಲು ಹೋದೆ. ಆ ಪಟ್ಟಿಗಳನ್ನು ಕೆತ್ತಿಕೊಟ್ಟವನು ಅವಳ ತಾತ ಮಗುಂಬಾ. ಓದು ಬಾರದ ಮುದುಕ ಪ್ರಗತಿಪತ್ರವನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದ.

"ಆ ಸಾಹೇಬ್ರನ್ನ ನನ್ನ ಹತ್ರ ಕಳ್ಸಿ ಮೇಷ್ಟ್ರೇ, ಮರದಲ್ಲಿ ಒಂದ್ ಜೊತೆ ಕಿವಿ ಕೆತ್ತಿ ಕೊಡ್ತೀನಿ," ಎಂದ. ನಾನು ನಕ್ಕೆ. ನಂಗೋಬಿ ನಗಲಿಲ್ಲ.

"ಅವ್ರಿಗೆ ಗೊತ್ತಾಗ್ಲಿಲ್ಲ ಪುಟ್ಟಿ, ಅದು ಸುಳ್ಳು," ಎಂದೆ.

"ಹಂಗಾದ್ರೆ ನೀವ್ಯಾಕೆ ಬರ್ದಿದೀರ ಮೇಷ್ಟ್ರೇ?" ಎಂದು ಮೊಹರಿನ ಕೆಳಗೆ ಬೆರಳಿಟ್ಟಳು.

ಅಲ್ಲಿ ನನ್ನ ಸಹಿ ಇತ್ತು. ತರಗತಿ ಶಿಕ್ಷಕರ ಸಹಿ ಇಲ್ಲದೆ ಪ್ರಗತಿಪತ್ರ ಮನೆಗೆ ಹೋಗುವಂತಿಲ್ಲ ಎಂಬುದು ತಮ್ಮದೇ ಸುತ್ತೋಲೆ. ಅರವತ್ತೆಂಟು ಪತ್ರಗಳಿಗೆ ಒಂದೇ ಸಮ ಸಹಿ ಎಳೆದಿದ್ದೆ.

ಅವಳು ಈಗ ಎಂಬೈರೆಯ ಹತ್ತಿರ ಸುಳಿಯುವುದಿಲ್ಲ. ಆ ಜಾಗದಲ್ಲಿ ಬೇರೆಯವರನ್ನು ಕೂರಿಸಲು ಹೋದರೆ ಐವರೂ ಕೋಲು ಕೆಳಗಿಟ್ಟರು. ಕಳೆದ ಶುಕ್ರವಾರ ಅವಳ ಜಾಗ ಖಾಲಿ ಬಿಟ್ಟೇ ಬಾರಿಸಿದರು. ರಸ್ತೆಯಲ್ಲಿ ಗೆಣಸಿನ ಬುಟ್ಟಿ ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬಳು ನಿಂತಳು.

"ಯಾರೋ ಒಬ್ರು ಬಂದಿಲ್ವಲ್ಲ ಮೇಷ್ಟ್ರೇ ಇವತ್ತು?"

ಫಾರಮ್ಮಿಲ್ಲ, ಖಾನೆಯಿಲ್ಲ, ಮಕ್ಕಳತ್ತ ಬೆನ್ನು ತಿರುಗಿಸಿ ನಿಂತೇ ಹೇಳಿಬಿಟ್ಟಳು. ಎದುರು ಜಗಲಿಯಲ್ಲಿ ನಂಗೋಬಿ ಮೊರ ಇಟ್ಟುಕೊಂಡು ಕಡಲೆಕಾಯಿ ಸುಲಿಯುತ್ತಿದ್ದಳು. ದಪ್ಪ ಪಟ್ಟಿಯ ಪೆಟ್ಟು ಬೀಳಬೇಕಾದ ಜಾಗದಲ್ಲೇ, ಒಂದೂ ತಪ್ಪದೆ, ಸಿಪ್ಪೆ ಒಡೆಯುತ್ತಿದ್ದಳು. ನಾನು ನೋಡಿದ್ದು ತಿಳಿದೊಡನೆ ಮೊರ ಎತ್ತಿಕೊಂಡು ಒಳಗೆ ಹೋದಳು.

ನನಗೆ ಹೊಸ ವಾದ್ಯ ಬೇಡ, ಬಹುಮಾನ ಬೇಡ. ಆ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ 'ನಮ್ಮ ತಪ್ಪು' ಎಂದು ಬರೆದು ಅದೇ ಮೊಹರು ಒತ್ತಿ. ನನ್ನ ಮಾತನ್ನು ಅವಳು ನಂಬುವುದಿಲ್ಲ, ಮೊಹರನ್ನು ನಂಬುತ್ತಾಳೆ. ತಾವು ಮಾಡುವುದಿಲ್ಲ ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ.

ಇಂತಿ,
ಆ ಸಾಲಿನ ಕೆಳಗೂ ಈ ಪತ್ರದ ಕೆಳಗೂ ಅದೇ ಸಹಿ ಹಾಕಿರುವ
ಕಿರ್ಯಾ ಮೇಷ್ಟ್ರು